ಕವಿಸಿದ ನಿದ್ದೆಯ ಹೊಣೆ

ಸಾಗರದ ಸಮೀಪದ ಕೆಳದಿ, ಇಕ್ಕೇರಿಗಳೂ, ಹೊಸನಗರದ ಸೀಮೆಯ ಬಿದನೂರೂ, ತೀರ್ಥಹಳ್ಳಿಯ ಸೀಮೆಯ ಕವಲೇದುರ್ಗವೂ ನಾಯಕರ ನೆಲೆಗಳಾಗಿದ್ದ ಕಾಲದಲ್ಲಿ ಕುದುರೆಯು ರಾಜ್ಯದ ಅಂಗವೆನಿಸಿತ್ತು. ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವು ಶಿವತತ್ತ್ವ, ರಾಜನೀತಿಗಳೊಡನೆ ಗಜಾಶ್ವಗಳ ವಿಚಾರಕ್ಕೂ ಎಡೆಗೊಟ್ಟಿರುವುದು. ಮೂಕಪ್ರಾಣಿಯ ಪಾಲನೆಯು ಧರ್ಮಕ್ಕೆ ಹೊರತಾದುದಲ್ಲವೆಂಬುದಕ್ಕೆ ಈ ಜೋಡಣೆಯೇ ಸಾಕ್ಷಿ. ಆ ಲಾಯಗಳು ಇಂದಿಲ್ಲ. ಆದರೆ ಕುದುರೆಯ ವಿಷಯದಲ್ಲಿ ಮನುಷ್ಯನ ಹೊಣೆಯೆಷ್ಟೆಂಬ ಪ್ರಶ್ನೆಯು ಪಶುವೈದ್ಯವು ಬೆಳೆದಂತೆಲ್ಲ ಸೂಕ್ಷ್ಮವಾಗುತ್ತ ಬಂದಿದೆ.

ಅರಿವಳಿಕೆಯಿಲ್ಲದ ಕಾಲದಲ್ಲಿ ಕುದುರೆಯನ್ನು ಹಗ್ಗಗಳಿಂದ ಕೆಡವಿ, ಕಟ್ಟಿ, ಶಸ್ತ್ರವನ್ನಿಡಬೇಕಾಗಿತ್ತು. ಈಗ ಅದರ ಎಚ್ಚರವನ್ನೇ ಔಷಧದಿಂದ ಕಳೆಯುವರು. ನೋವು ತಪ್ಪಿತು, ಆದರೆ ಬೇರೊಂದು ಅಪಾಯವು ಒದಗಿತು. ಸುಮಾರು 500 ಕಿಲೋಗ್ರಾಂ ತೂಕದ ದೇಹವು ಅಂಗಾತ ಬಿದ್ದಾಗ ಹೊಟ್ಟೆಯ ಭಾರವು ಶ್ವಾಸಕೋಶವನ್ನು ಅದುಮುವುದು. ರಕ್ತದ ಒತ್ತಡವು ಇಳಿಯುವುದು. ಮಾಂಸಖಂಡಗಳು ರಕ್ತ ಸಾಲದೆ ಕೆಡುವುವು. ಅರಿವಳಿಕೆಗೆ ಒಳಗಾದ ಕುದುರೆಗಳಲ್ಲಿ ಸುಮಾರು 100ಕ್ಕೆ 1 ಉಳಿಯದೆಂದು ಹಲವು ದೇಶಗಳ ಲೆಕ್ಕಗಳು ತಿಳಿಸುವುವು. ಮನುಷ್ಯರಲ್ಲಿ ಈ ಅಪಾಯವು ಬಹುಪಾಲು ಕಡಿಮೆ.

ಹೃದಯವು ನಿಂತರೆ ಮಾಡತಕ್ಕ ಕೆಲಸವು ಸ್ಪಷ್ಟವಾಗಿದೆ. ಅರಿವಳಿಕೆಯ ಅನಿಲವನ್ನು ಕೂಡಲೇ ನಿಲ್ಲಿಸಿ ಆಮ್ಲಜನಕವನ್ನು ಕೊಡುವರು. ರಕ್ತನಾಳಕ್ಕೆ ಅಡ್ರಿನಲಿನ್ ಹಾಕುವರು. ಕುದುರೆಯನ್ನು ಬಲಮಗ್ಗುಲಾಗಿಸಿ, ಎಡಮೊಣಕೈಯ ಹಿಂಬದಿಯಲ್ಲಿ, ಆಳೊಬ್ಬನು ಮೊಣಕಾಲೂರಿ ತನ್ನ ಮೈಭಾರವನ್ನೆಲ್ಲ ಎದೆಯ ಮೇಲೆ ಮತ್ತೆ ಮತ್ತೆ ಹಾಕುವನು. ಅವನು ದಣಿದರೆ ಇನ್ನೊಬ್ಬನು. ಮರಿಯಲ್ಲಿ ಇದು ಫಲಿಸುವುದುಂಟು. ಬೆಳೆದ ಕುದುರೆಯಲ್ಲಿ ಫಲವು ವಿರಳ.

ಹಾಗಾದರೆ ಎಲ್ಲಿಯವರೆಗೆ ಯತ್ನಿಸಬೇಕು? ಪಶುವೇ ತಾನೇ ಎಂದು ಬೇಗನೆ ಕೈಬಿಡುವವನು ಒಂದು ತಪ್ಪನ್ನು ಮಾಡುವನು. ಆ ನಿದ್ದೆಯನ್ನು ಕುದುರೆಯು ಬೇಡಲಿಲ್ಲ. ಅದು ಮನುಷ್ಯನು ಕವಿಸಿದುದು. ಎಚ್ಚರವನ್ನು ಕಳೆದವನಿಗೆ ಅದನ್ನು ಹಿಂದಿರುಗಿಸುವ ಋಣವುಂಟು. ಕುದುರೆಯ ಬೆಲೆಗೋ ತನ್ನ ಹೆಸರಿಗೋ ಕಟ್ಟುಬಿದ್ದು ಬಿಡದೆ ಹೆಣಗುವವನದು ಇನ್ನೊಂದು ತಪ್ಪು. ಕುದುರೆಗೆ ಬದುಕೆಂದರೆ ಬರಿಯ ಉಸಿರಲ್ಲ, ನಾಲ್ಕು ಕಾಲುಗಳ ಮೇಲೆ ನಿಲ್ಲುವುದು. ಎಚ್ಚತ್ತೊಡನೆ ಭಯದಿಂದ ಏಳಹೋಗಿ ಮೂಳೆ ಮುರಿದುಕೊಳ್ಳುವ ಕುದುರೆಗಳುಂಟು. ನಿಲ್ಲಲಾರದೆಂದು ನಿಶ್ಚಯವಾದ ಜೀವವನ್ನು ಮರಳಿ ಎಳೆತರುವುದು ದಯೆಯೆನಿಸದು.

ಆದುದರಿಂದ ಈ ತೀರ್ಮಾನವನ್ನು ಗಾಬರಿಯ ಗಳಿಗೆಗೆ ಬಿಡತಕ್ಕದ್ದಲ್ಲ. ಔಷಧವನ್ನು ಕೊಡುವ ಮೊದಲೇ ಒಡೆಯನೂ ವೈದ್ಯನೂ ಕುಳಿತು, ಯಾವುದು ಕುದುರೆಯ ಹಿತವೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ನಾಡಿಯ ಮೇಲೆ ಬೆರಳಿಟ್ಟು, ಒತ್ತಡವು ಇಳಿಯುವಾಗಲೇ ಎಚ್ಚತ್ತುಕೊಳ್ಳುವ ಕಾವಲು ಆ ಹಿತದ ಮೊದಲ ಅಂಗ. ಮಲಗಿದ ಪ್ರಾಣಿಗೆ ತನ್ನ ಪರವಾಗಿ ಹೇಳಿಕೊಳ್ಳಲು ಬಾಯಿಲ್ಲ. ಮಲಗಿಸಿದವನ ಎಚ್ಚರವೇ ಅದಕ್ಕೆ ರಕ್ಷೆ.