ಜೀರ್ಣಯಂತ್ರೋದ್ಧಾರ

ಹಳೆಯ ವಸ್ತುವನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳುಂಟು. ಅದು ಕೈಗೆ ಬಂದ ಹಾಗೆಯೇ ಉಳಿಯಬೇಕೆನ್ನುವವರದು ಒಂದು; ಅದು ಹುಟ್ಟಿದಾಗ ಮಾಡುತ್ತಿದ್ದ ಕೆಲಸವನ್ನು ಇಂದಿಗೂ ಮಾಡಬೇಕೆನ್ನುವವರದು ಇನ್ನೊಂದು. ಇಬ್ಬರದೂ ಪ್ರೀತಿಯೇ, ಆದರೆ ಒಬ್ಬರ ಪ್ರೀತಿ ಇನ್ನೊಬ್ಬರ ಕಣ್ಣಿಗೆ ಹಿಂಸೆಯಾಗಿ ಕಾಣುವುದು. ಗುಡಿಗಳ ಜೀರ್ಣೋದ್ಧಾರದಲ್ಲಿ ಈ ವಿವಾದವು ಬಹುಕಾಲದಿಂದ ನಡೆದುಬಂದಿದೆ. ಮಾಳಿಗೆ ಸೋರುವ ಗುಡಿಯನ್ನು ಹಾಗೆಯೇ ಬಿಟ್ಟರೆ ಅದು ಬೀಳುವುದು. ಕಲ್ಲು ತೆಗೆದು ಬೇರೆ ಕಲ್ಲಿಟ್ಟರೆ ಶಿಲ್ಪಿಯ ಕೈಗುರುತು ಹೋಗುವುದು. ಉದ್ಧಾರದ ಹೆಸರಿನಲ್ಲಿ ಸುಣ್ಣ ಬಳಿಸಿಕೊಂಡ ಕೆತ್ತನೆಯ ಕಂಬಗಳನ್ನು ಕಂಡವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಅದೇ ವಿವಾದವು ಈಗ ಮೇಜಿನ ಮೇಲೆ ಹಿಡಿಸುವ ಒಂದು ಸಾಮಾನ್ಯ ಯಂತ್ರದ ವಿಷಯದಲ್ಲಿಯೂ ಎದ್ದಿದೆ. ವಸ್ತು ಚಿಕ್ಕದು, ಪ್ರಶ್ನೆ ಚಿಕ್ಕದಲ್ಲ.

ಆ ಯಂತ್ರವೆಂದರೆ ಎಂಟು ಬಿಟ್‌ಗಳ ಮನೆಯ ಕಂಪ್ಯೂಟರು. ಒಂದು ಸಲಕ್ಕೆ ಎಂಟು ದ್ವಿಮಾನಾಂಕಗಳನ್ನು ಮಾತ್ರ ಹಿಡಿಯಬಲ್ಲುದಾದ್ದರಿಂದ ಅದಕ್ಕೆ ಆ ಹೆಸರು. ಸೊನ್ನೆಯಿಂದ ೨೫೫ರವರೆಗಿನ ಒಂದು ಸಂಖ್ಯೆಯೇ ಅದರ ಒಂದು ತುತ್ತು. ಸ್ಮೃತಿಯ ಮನೆಗಳನ್ನು ಗುರುತಿಸಲು ಅದಕ್ಕೆ ಸಾಮಾನ್ಯವಾಗಿ ಇದ್ದ ತಂತಿಗಳು ಹದಿನಾರು. ಆದುದರಿಂದ ಅದು ಒಮ್ಮೆಗೆ ಕಾಣಬಹುದಾದ ಮನೆಗಳು ೬೫,೫೩೬ ಮಾತ್ರ. ಇಷ್ಟು ಅಲ್ಪಶಕ್ತಿಯ ಈ ಯಂತ್ರಗಳು ೧೯೭೭ರಿಂದೀಚೆಗೆ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಗೃಹಸ್ಥರ ಮನೆಗಳನ್ನು ಹೊಕ್ಕವು. ಕೇಂಬ್ರಿಜ್ ಪಟ್ಟಣದ ಕ್ಲೈವ್ ಸಿಂಕ್ಲೇರ್ ಅವರ ಸಂಸ್ಥೆಯು ೧೯೮೨ರ ಏಪ್ರಿಲಿನಲ್ಲಿ ಸ್ಪೆಕ್ಟ್ರಮ್ ಎಂಬ ಯಂತ್ರವನ್ನು ಹೊರತಂದಿತು. ಹದಿನಾರು ಕಿಲೊಬೈಟ್ ಸ್ಮೃತಿಯದಕ್ಕೆ ೧೨೫ ಪೌಂಡು, ನಲವತ್ತೆಂಟರದಕ್ಕೆ ೧೭೫ ಪೌಂಡು ಬೆಲೆ. ರಬ್ಬರಿನ ಕೀಲಿಗಳು, ಮನೆಯ ಟೆಲಿವಿಷನ್ನೇ ಪರದೆ, ಹಾಡು ಕೇಳುವ ಕ್ಯಾಸೆಟ್ಟೇ ಕೋಶಾಗಾರ. ಅದೇ ವರ್ಷ ಅಮೆರಿಕದಲ್ಲಿ ಕಮಡೋರ್ ೬೪ ಎಂಬುದು ಬಂದಿತು. ಸಿಂಕ್ಲೇರ್ ಸಂಸ್ಥೆಯ ಕಂಪ್ಯೂಟರು ವ್ಯಾಪಾರವು ೧೯೮೬ರಲ್ಲಿ ಆಮ್‌ಸ್ಟ್ರಾಡ್ ಎಂಬ ಇನ್ನೊಂದು ಸಂಸ್ಥೆಗೆ ಮಾರಾಟವಾಯಿತು. ಮೂಲ ಕಮಡೋರ್ ಸಂಸ್ಥೆಯು ೧೯೯೪ರಲ್ಲಿ ದಿವಾಳಿಯಾಯಿತು. ಹೆತ್ತವರು ಹೋದ ಮೇಲೆ ಮಕ್ಕಳ ಯೋಗಕ್ಷೇಮವು ಹವ್ಯಾಸಿಗಳ ಪಾಲಿಗೆ ಬಂದಿತು.

ಈ ಹವ್ಯಾಸಿಗಳು ಮಾಡುವ ಕೆಲಸ ಬಗೆಬಗೆಯದು. ಬಿರಿದ ಕೀಲಿಮಣೆಯ ಪೊರೆಯನ್ನು ತೆಗೆದು ಹೊಸದನ್ನು ಹಾಸುವರು. ಒಣಗಿದ ಕೆಪ್ಯಾಸಿಟರುಗಳನ್ನು ಬೆಸುಗೆ ಬಿಡಿಸಿ ಬದಲಾಯಿಸುವರು. ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಹೈಡ್ರೊಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಡುವರು. ಕ್ಯಾಸೆಟ್ಟಿನ ಸ್ಥಾನದಲ್ಲಿ ಉಗುರಿನಷ್ಟು ಅಗಲದ ಸ್ಮೃತಿಪತ್ರವನ್ನು ಜೋಡಿಸಿ, ಐದು ನಿಮಿಷ ಕಾಯಬೇಕಾಗಿದ್ದುದನ್ನು ಕ್ಷಣದಲ್ಲಿ ತರಿಸುವರು. ಇನ್ನು ಕೆಲವರು ಒಳಗಿನ ಹಲಗೆಯನ್ನೇ ತೆಗೆದುಹಾಕಿ, ಹಳೆಯ ಕವಚದೊಳಗೆ ಇಂದಿನ ಕಂಪ್ಯೂಟರೊಂದನ್ನು ಕೂರಿಸಿ, ಹೊರಗಿನ ಹೆಸರನ್ನು ಮಾತ್ರ ಹಾಗೆಯೇ ಉಳಿಸುವರು. ಇವುಗಳಲ್ಲಿ ಯಾವುದು ಸೇವೆ, ಯಾವುದು ಅಪಚಾರ? ಗೆರೆಯನ್ನು ಎಲ್ಲಿ ಎಳೆಯತಕ್ಕದ್ದು?

ತತ್ತ್ವಜ್ಞರು ಇಂತಹ ಪ್ರಶ್ನೆಯನ್ನು ಹಿಂದೆಯೇ ಎತ್ತಿದ್ದಾರೆ. ಅಥೆನ್ಸಿನವರು ಥೀಸಿಯಸ್ ವೀರನ ನೌಕೆಯನ್ನು ಕಾಪಾಡುತ್ತ, ಕೊಳೆತ ಹಲಗೆಗಳಿಗೆ ಬದಲಾಗಿ ಹೊಸ ಹಲಗೆಗಳನ್ನು ಹೊಡೆಯುತ್ತ ಬಂದರೆಂದೂ, ಅದು ಅದೇ ನೌಕೆಯೋ ಅಲ್ಲವೋ ಎಂದು ಪಂಡಿತರು ವಾದಿಸುತ್ತಿದ್ದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಹಾಬ್ಸ್ ಎಂಬ ಆಂಗ್ಲ ತತ್ತ್ವಜ್ಞನು ಇದಕ್ಕೆ ಒಂದು ಗಂಟನ್ನು ಸೇರಿಸಿದನು: ಕಿತ್ತ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅವುಗಳಿಂದಲೇ ಮತ್ತೊಂದು ನೌಕೆಯನ್ನು ಕಟ್ಟಿದರೆ, ಎರಡರಲ್ಲಿ ಯಾವುದು ಥೀಸಿಯಸನದು? ಹವ್ಯಾಸಿಯ ಮನೆಯಲ್ಲಿ ಈ ಗಂಟು ಕಲ್ಪನೆಯಲ್ಲ. ಕಿತ್ತ ಚಿಪ್‌ಗಳ ಡಬ್ಬಿಯು ಅವನ ಮೇಜಿನ ಸೆಳೆಖಾನೆಯಲ್ಲಿಯೇ ಇರುವುದು. ಭರತಖಂಡದಲ್ಲಿ ನಾಗಸೇನ ಭಿಕ್ಷುವು ಮಿಲಿಂದ ರಾಜನಿಗೆ ಇದನ್ನೇ ರಥದ ದೃಷ್ಟಾಂತದಿಂದ ಬೋಧಿಸಿದನು. ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ. ಇವೆಲ್ಲ ಸೇರಿರುವಲ್ಲಿ ರಥವೆಂಬುದು ಒಂದು ಹೆಸರು, ಒಂದು ವ್ಯವಹಾರ.

ನಾಗಸೇನನ ಮಾತನ್ನು ಒಪ್ಪಿದರೆ ಒಂದು ದೊಡ್ಡ ಅನುಕೂಲವುಂಟು. ಯಂತ್ರದೊಳಗೆ ನೋಯುವ ಆತ್ಮವೊಂದು ಕುಳಿತಿಲ್ಲವೆಂದು ತಿಳಿಯುವುದು. ಆದುದರಿಂದ ಹವ್ಯಾಸಿಯು ಯಂತ್ರಕ್ಕೆ ಏನನ್ನೂ ಸಲ್ಲಿಸಬೇಕಾಗಿಲ್ಲ. ಆದರೆ ಅಲ್ಲಿಗೆ ಧರ್ಮವು ಮುಗಿಯಲಿಲ್ಲ. ಅದು ಯಂತ್ರವನ್ನು ಬಿಟ್ಟು ಮನುಷ್ಯರ ಕಡೆಗೆ ತಿರುಗಿತು: ಅದನ್ನು ರಚಿಸಿದವರ ಕಡೆಗೆ, ಅದರ ಮುಂದೆ ಬಾಲ್ಯ ಕಳೆದವರ ಕಡೆಗೆ, ಮುಂದೆ ಅದನ್ನು ನೋಡಿ ಆ ಕಾಲವನ್ನು ಅರಿಯಬೇಕಾದವರ ಕಡೆಗೆ. ಯಂತ್ರಕ್ಕೆ ಆತ್ಮವಿಲ್ಲ, ಸಾಕ್ಷ್ಯವುಂಟು. ಅದನ್ನು ಒಬ್ಬ ವೃದ್ಧ ಸಾಕ್ಷಿಯೆಂದು ಭಾವಿಸುವುದಾದರೆ ಅನೇಕ ತೊಡಕುಗಳು ಸಡಿಲವಾಗುವುವು. ಸಾಕ್ಷಿಗೆ ಔಷಧ ಕೊಡಬಹುದು, ಊರುಗೋಲು ಕೊಡಬಹುದು; ಆತನ ಬಾಯಿಗೆ ಬೇರೆ ಮಾತನ್ನು ತುರುಕಲಾಗದು.

ಏನನ್ನೂ ಮುಟ್ಟಲಾಗದೆನ್ನುವವರ ವಾದವನ್ನು ಮೊದಲು ನೋಡಬಹುದು. ಸವೆದ ಕೀಲಿ, ಕವಚದ ಗೀರು, ಚಿಪ್ಪಿನಂತೆ ಕಪ್ಪಗಿರುವ ಆ ಬಿಲ್ಲೆಗಳ ಮೇಲೆ ಮುದ್ರಿಸಿದ ವರ್ಷವಾರಗಳ ಅಂಕೆ, ಇವೆಲ್ಲ ಸಾಕ್ಷ್ಯವೇ ಎಂಬುದು ದಿಟ. ಆದರೆ ಮುಟ್ಟದೆ ಇಡುವುದರಿಂದಲೇ ಅದು ಉಳಿಯುವುದೆಂಬುದು ದಿಟವಲ್ಲ. ಕಮಡೋರ್ ೬೪ರ ಹಳೆಯ ವಿದ್ಯುತ್ಪೂರಕವು ಕೆಟ್ಟಾಗ ಮಿತಿಮೀರಿದ ಒತ್ತಡದ ವಿದ್ಯುತ್ತನ್ನು ಹರಿಸಿ ಒಳಗಿನ ಸ್ಮೃತಿಯ ಚಿಪ್‌ಗಳನ್ನು ಸುಡುವುದುಂಟು. ಬಿಬಿಸಿ ಮೈಕ್ರೊ ಎಂಬ ಯಂತ್ರದ ವಿದ್ಯುತ್ಪೂರಕದಲ್ಲಿರುವ ಕಾಗದದ ಕೆಪ್ಯಾಸಿಟರುಗಳು ವರ್ಷಗಳುರುಳಿದಂತೆ ಬಿರುಕುಬಿಟ್ಟು ತೇವವನ್ನು ಹೀರಿ, ಗುಂಡಿ ಒತ್ತಿದಾಗ ದಟ್ಟವಾದ ಹೊಗೆಯನ್ನು ಉಗುಳುವುವು. ಇಂತಹವನ್ನು ಬದಲಾಯಿಸದೆ ಇರುವುದು ಅಹಿಂಸೆಯಲ್ಲ, ಉಪೇಕ್ಷೆ. ವೀಣೆಯ ತಂತಿಯನ್ನು ಬದಲಾಯಿಸಿದ ಮಾತ್ರಕ್ಕೆ ವೀಣೆಯು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ.

ಎರಡನೆಯ ಪಕ್ಷದವರು ಇದಕ್ಕಿಂತ ಮುಂದೆ ಹೋಗುವರು. ಈ ಯಂತ್ರಗಳು ಬೆಳೆಯಲೆಂದೇ ಹುಟ್ಟಿದವು. ಬೆಳೆಸುವುದೇ ಅವುಗಳ ಸ್ವಧರ್ಮವೆಂದು ಅವರ ವಾದ. ಇದರಲ್ಲಿ ಸತ್ಯಾಂಶವು ಕಡಮೆಯಿಲ್ಲ. ಹದಿನಾರು ಕಿಲೊಬೈಟಿನ ಸ್ಪೆಕ್ಟ್ರಮ್ಮಿನ ಹಲಗೆಗಳಲ್ಲಿ ಬಹುಪಾಲಿನ ಮೇಲೆ ಮುಂದೆ ಸ್ಮೃತಿಯನ್ನು ಸೇರಿಸುವುದಕ್ಕಾಗಿ ಬರಿದಾದ ಕುಳಿಗಳನ್ನು ನಿರ್ಮಾಪಕರೇ ಬಿಟ್ಟಿದ್ದರು. ಬೆನ್ನ ಹಿಂದೆ ಹಲಗೆಯ ಅಂಚನ್ನು ಹೊರಚಾಚಿ ಯಾವ ಉಪಕರಣವನ್ನಾದರೂ ತಗಲಿಸಲು ದಾರಿ ಮಾಡಿದ್ದರು. ಮನೆಯ ಯಜಮಾನನು ಮುಂದೆ ಅನುಕೂಲವಾದಾಗ ಮಹಡಿ ಎತ್ತಲೆಂದು ಗೋಡೆಯ ಮೇಲೆ ಕಂಬಿಗಳನ್ನು ಬಿಟ್ಟಂತೆ ಇದು. ಆ ಕುಳಿಯನ್ನು ತುಂಬುವವನು ಕರ್ತೃವಿನ ಇಷ್ಟವನ್ನು ನೆರವೇರಿಸುವನೇ ಹೊರತು ಮುರಿಯುವವನಲ್ಲ.

ಆದರೆ ಕುಳಿ ತುಂಬುವುದು ಬೇರೆ, ಮಿತಿಯನ್ನು ಅಳಿಸುವುದು ಬೇರೆ. ಈ ಯಂತ್ರಗಳ ಮಹಿಮೆಯೆಲ್ಲ ಅವುಗಳ ಮಿತಿಯಲ್ಲಿಯೇ ಅಡಗಿದೆ. ಸ್ಪೆಕ್ಟ್ರಮ್ಮಿನ ಪರದೆಯಲ್ಲಿ ಎಂಟಕ್ಕೆ ಎಂಟು ಚುಕ್ಕೆಗಳ ಒಂದೊಂದು ಚೌಕದಲ್ಲಿ ಎರಡೇ ಬಣ್ಣಗಳಿಗೆ ಎಡೆ. ಚಿತ್ರಕಾರರು ಆ ಕಟ್ಟಿಗೆ ಒಳಪಟ್ಟೇ ಚಿತ್ರ ಬರೆದರು. ಇಯನ್ ಬೆಲ್, ಡೇವಿಡ್ ಬ್ರೇಬನ್ ಎಂಬ ಇಬ್ಬರು ತರುಣರು ೧೯೮೪ರಲ್ಲಿ ಬಿಬಿಸಿ ಮೈಕ್ರೊಗಾಗಿ ಎಲೀಟ್ ಎಂಬ ಆಟವನ್ನು ರಚಿಸಿದರು. ಅದರಲ್ಲಿ ಎಂಟು ತಾರಾಮಂಡಲಗಳು, ಒಂದೊಂದರಲ್ಲಿ ೨೫೬ ಲೋಕಗಳು. ಯಂತ್ರದ ಸ್ಮೃತಿಯೋ ಒಟ್ಟು ೩೨ ಕಿಲೊಬೈಟು. ಅಷ್ಟು ಲೋಕಗಳ ಹೆಸರು ವಿವರಗಳನ್ನು ಅಲ್ಲಿ ಬರೆದಿಡಲು ಸ್ಥಳವಿರಲಿಲ್ಲ. ಆದುದರಿಂದ ಅವರು ಕೆಲವೇ ಅಂಕೆಗಳ ಬೀಜದಿಂದ ಬೇಕಾದಾಗ ಬೇಕಾದ ಲೋಕವನ್ನು ಲೆಕ್ಕ ಹಾಕಿ ಮೊಳೆಯಿಸಿದರು. ಕಂದಪದ್ಯದಲ್ಲಿ ಮೊದಲ ಪಾದಕ್ಕೆ ನಾಲ್ಕು ಮಾತ್ರೆಯ ಗಣಗಳು ಮೂರು, ಎರಡನೆಯದಕ್ಕೆ ಐದು. ಆ ಲೆಕ್ಕವನ್ನು ಸಡಿಲಿಸಿ ಕವಿಗೆ ಉಪಕಾರ ಮಾಡಿದೆನೆಂದು ಯಾರಾದರೂ ಹೇಳಿದರೆ ಆತನು ಪದ್ಯವನ್ನು ಕೊಂದಂತೆಯೇ ಸರಿ. ಹಳೆಯ ಕವಚದೊಳಗೆ ಇಂದಿನ ಅಪಾರ ಶಕ್ತಿಯ ಕಂಪ್ಯೂಟರನ್ನು ಕೂರಿಸಿದವನು ಮಾಡಿದ್ದೂ ಇಷ್ಟೆ. ಅದು ಆಟಕ್ಕೆ ಚೆನ್ನಾಗಿರಬಹುದು. ಸಾಕ್ಷಿಯಾಗಿ ಅದು ಮೂಕ. ಹೆಸರು ಹಾಗೆಯೇ ಇದ್ದರೆ ಸುಳ್ಳುಸಾಕ್ಷಿ.

ಹಾಗಾದರೆ ಮಾಡತಕ್ಕದ್ದೇನು? ಎರಡು ನಿಯಮಗಳು ಸಾಕೆಂದು ತೋರುತ್ತದೆ. ಮೊದಲನೆಯದು, ಮಾಡಿದುದನ್ನು ಹಿಂದಕ್ಕೆ ತೆಗೆಯಲು ಬರುವಂತಿರಬೇಕು. ಇಂದಿನ ಪರದೆಗೆ ಒಗ್ಗಲೆಂದು ಒಂದು ತಂತಿಯನ್ನು ಬಿಡಿಸಿ ಬೇರೆಡೆಗೆ ಬೆಸೆಯುವವನು ಮುಂದಿನವರಿಗೆ ಬಾಗಿಲು ತೆರೆದಿಟ್ಟಿರುತ್ತಾನೆ. ಗುಂಡಿಯೊಂದಕ್ಕಾಗಿ ಕವಚಕ್ಕೆ ತೂತು ಕೊರೆಯುವವನು ಬಾಗಿಲನ್ನು ಮುಚ್ಚುತ್ತಾನೆ. ಎರಡನೆಯದು, ಮಾಡಿದುದನ್ನು ಬಚ್ಚಿಡಬಾರದು. ಕಿತ್ತ ಭಾಗವನ್ನು ಪೊಟ್ಟಣ ಕಟ್ಟಿ, ಏನನ್ನು, ಯಾವಾಗ, ಏಕೆ ಬದಲಾಯಿಸಿತೆಂದು ಚೀಟಿ ಬರೆದು ಯಂತ್ರದೊಡನೆಯೇ ಇಡಬೇಕು. ಹಾಬ್ಸನ ಗಂಟಿಗೆ ತರ್ಕದಿಂದ ಉತ್ತರ ಸಿಕ್ಕಲಿ ಬಿಡಲಿ, ವ್ಯವಹಾರದಲ್ಲಿ ಉತ್ತರವು ಈ ಚೀಟಿಯಲ್ಲಿದೆ: ಎರಡು ನೌಕೆಗಳಲ್ಲಿ ಯಾವುದು ನಿಜವೆಂಬ ಜಗಳಕ್ಕಿಂತ, ಯಾವ ಹಲಗೆ ಎಲ್ಲಿಂದ ಬಂದಿತೆಂಬ ಸತ್ಯವು ದೊಡ್ಡದು.

ಇಷ್ಟರಿಂದಲೂ ಬಗೆಹರಿಯದ ಪ್ರಸಂಗವೊಂದುಂಟು. ಕಮಡೋರ್ ೬೪ರಲ್ಲಿ ನಾದವನ್ನು ಹುಟ್ಟಿಸುವ ಸಿಡ್ ಎಂಬ ಚಿಪ್ ಇದೆ. ರಾಬರ್ಟ್ ಯಾನಸ್ ಎಂಬ ಎಂಜಿನಿಯರರ ರಚನೆ. ಒಂದೇ ಅಚ್ಚಿನವಾದರೂ ತಯಾರಿಕೆಯ ಏರುಪೇರಿನಿಂದ ಒಂದೊಂದರ ನಾದದ ಬಣ್ಣ ಕೊಂಚ ಬೇರೆಬೇರೆ. ಅದರ ತಯಾರಿಕೆಯು ನಿಂತು ದಶಕಗಳಾದುವು; ಸುಟ್ಟುಹೋದ ಪ್ರತಿಯೊಂದರಿಂದ ಉಳಿದವುಗಳ ಲೆಕ್ಕ ಒಂದು ಇಳಿಯುವುದು. ಈಗ ಎರಡು ಕೆಟ್ಟ ಯಂತ್ರಗಳಿಂದ ಒಂದು ಒಳ್ಳೆಯದನ್ನು ಮಾಡಬಹುದೆ? ಎರಡೂ ಮೂಕವಾಗಿರುವುದಕ್ಕಿಂತ ಒಂದು ಹಾಡುವುದು ಮೇಲಲ್ಲವೆ? ಮೇಲೆಂದೇ ಹೇಳಬೇಕು, ಆದರೆ ಕೈನಡುಗದೆ ಹೇಳಲಾಗದು. ಬದಲಿಗೆ ಹೊಸದಾಗಿ ಮಾಡಿದ ಅನುಕರಣದ ಚಿಪ್‌ಗಳು ದೊರೆಯುವಾಗ ಮೂಲವನ್ನು ಕೀಳುವುದು ಇನ್ನೂ ಕಷ್ಟದ ನಿರ್ಣಯ. ಹಳೆಯ ಬಿಲ್ಲೆಯ ಅಕ್ಷರವನ್ನು ಉಜ್ಜಿ ಬೇರೆ ಅಕ್ಷರವನ್ನು ಅಚ್ಚೊತ್ತಿ, ಇದೇ ಸಿಡ್ ಎಂದು ಮಾರುವವರೂ ಉಂಟು. ಅಂಥವರ ವಿಷಯದಲ್ಲಿ ತತ್ತ್ವವಿಚಾರವು ಬೇಕಿಲ್ಲ. ವಿಚಾರ ಬೇಕಾದುದು ಪ್ರಾಮಾಣಿಕ ಸಂಗ್ರಾಹಕನ ವಿಷಯದಲ್ಲಿ. ಆತನ ಅಟ್ಟದ ಮೇಲೆ ಇಪ್ಪತ್ತು ಯಂತ್ರಗಳು ಪೆಟ್ಟಿಗೆಯಲ್ಲಿವೆ; ಆತನು ಯಾವುದನ್ನೂ ತೆರೆಯನು, ಯಾರಿಗೂ ಕೊಡನು. ಆತನಿಂದ ಯಾವ ತೂತೂ ಆಗಿಲ್ಲ, ಯಾವ ಸುಳ್ಳೂ ಆಗಿಲ್ಲ. ಆದರೂ ಸಾಕ್ಷಿಗಳನ್ನೆಲ್ಲ ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿದವನು ನ್ಯಾಯಕ್ಕೆ ನೆರವಾದನೆನ್ನಬಹುದೆ? ಅಪರಿಗ್ರಹವನ್ನು ವ್ರತಗಳಲ್ಲಿ ಸೇರಿಸಿದ ಹಿರಿಯರು ಧನಧಾನ್ಯಗಳನ್ನು ಮಾತ್ರ ಮನಸ್ಸಿನಲ್ಲಿಟ್ಟಿರಲಿಲ್ಲ.

ಲಕ್ಷಗಟ್ಟಲೆ ತಯಾರಾಗಿ ಅಂಗಡಿಯಲ್ಲಿ ಮಾರಿದ ಸರಕಿಗೆ ಇಷ್ಟು ಧರ್ಮಜಿಜ್ಞಾಸೆಯೇಕೆಂದು ಕೆಲವರು ನಗಬಹುದು. ಆದರೆ ಎಲ್ಲರ ಮನೆಯಲ್ಲಿದ್ದುದನ್ನೇ ಯಾರೂ ಜೋಪಾನ ಮಾಡುವುದಿಲ್ಲ. ಅರಸನ ಕತ್ತಿಯು ವಸ್ತುಸಂಗ್ರಹಾಲಯವನ್ನು ಸೇರುವುದು. ಅಡುಗೆಮನೆಯ ಮರದ ಸೌಟು ಒಲೆಯನ್ನು ಸೇರುವುದು. ಭಾರತದಲ್ಲಿಯೂ ೧೯೮೪ರ ಸುಮಾರಿಗೆ ಸರ್ಕಾರದ ‘ಕ್ಲಾಸ್’ ಎಂಬ ಯೋಜನೆಯ ಮೂಲಕ ಶಾಲೆಗಳಿಗೆ ಬಿಬಿಸಿ ಮೈಕ್ರೊ ಯಂತ್ರಗಳು ಬಂದಿದ್ದುವು. ಒಂದು ತಲೆಮಾರಿನ ಕೆಲವು ಬಾಲಕ ಬಾಲಕಿಯರು ಕಂಪ್ಯೂಟರೆಂಬುದನ್ನು ಮೊದಲು ಮುಟ್ಟಿದ್ದು ಆ ಕೀಲಿಮಣೆಗಳ ಮೇಲೆಯೇ. ಮನುಷ್ಯನು ಯಂತ್ರಕ್ಕೆ ಹೇಳಿ ಮಾಡಿಸುವುದನ್ನು ಮನೆಯಲ್ಲಿ ಶಾಲೆಯಲ್ಲಿ ಕಲಿತ ಆ ಮೊದಲ ವರ್ಷಗಳಿಗೆ ಇವುಗಳಿಗಿಂತ ಹತ್ತಿರದ ಸಾಕ್ಷಿ ಬೇರೆಯಿಲ್ಲ.

ಒಡೆತನವೆಂಬುದು ಕ್ರಯಪತ್ರದಲ್ಲಿ ಪೂರ್ಣವಾಗಿ ಕಾಣುವುದು. ಕಾಲದಲ್ಲಿ ನೋಡಿದರೆ ಅದು ನ್ಯಾಸವಾಗಿ ಇಟ್ಟ ಒಡವೆಯಂತೆ. ಹಿಂದೆ ಒಬ್ಬನ ಕೈಯಲ್ಲಿದ್ದುದು ಮುಂದೆ ಒಬ್ಬನ ಕೈಗೆ ಹೋಗಬೇಕು; ನಡುವೆ ಕೆಲವು ವರ್ಷ ಈತನ ಮೇಜಿನ ಮೇಲೆ ಇರುವುದು. ಅಷ್ಟರಲ್ಲಿ ಅದನ್ನು ಹಾಡಿಸಲಿ, ಆಡಿಸಲಿ, ಮಕ್ಕಳಿಗೆ ತೋರಿಸಲಿ, ಮುರಿದುದನ್ನು ಕಟ್ಟಲಿ. ನಲವತ್ತು ವರ್ಷಗಳ ಮೇಲೆ ಇನ್ನೊಬ್ಬನು ಆ ಕವಚದ ಮೊಳೆಗಳನ್ನು ಬಿಚ್ಚಿದಾಗ, ಹಳೆಯ ಚಿಪ್ಪೊಂದರ ಪೊಟ್ಟಣವೂ ಮಡಿಸಿದ ಚೀಟಿಯೂ ಒಳಗಿದ್ದರೆ, ತನಗಿಂತ ಮೊದಲು ಇಲ್ಲಿ ಒಬ್ಬ ಸತ್ಯವಂತನು ಕೈಯಾಡಿಸಿದ್ದನೆಂದು ಆತನಿಗೆ ತಿಳಿಯುವುದು. ಉದ್ಧಾರವೆಂಬ ಮಾತಿಗೆ ಅಷ್ಟು ಅರ್ಥ ಸಾಕು.