ಬಾಗಿಲು ಹಾಕಿದ ಮನೆಯೊಳಗೆ ತೋಮ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ನಮ್ಮಲ್ಲಿ ದುಡುಕುವವರಿಗೆ ಬುದ್ಧಿ ಹೇಳಲು ಬಳಸುತ್ತಾರೆ. ಕೇಳಿದಾಗಲೆಲ್ಲ ನನಗೆ ನೆನಪಾಗುವವನು ಯೇಸುವಿನ ಶಿಷ್ಯ ತೋಮ. ಸತ್ತ ಗುರು ಎದ್ದು ಬಂದ ಎಂದು ಜೊತೆಯವರು ಹೇಳಿದಾಗ, ಮೊಳೆ ಜಡಿದ ಗಾಯದಲ್ಲಿ ಬೆರಳಿಟ್ಟು ನೋಡದ ಹೊರತು ನಂಬೆ ಎಂದು ಹಟ ಹಿಡಿದವನು. ಪಾಪ, ಅದೊಂದು ಮಾತಿಗೆ 'ಸಂಶಯದ ತೋಮ' ಎಂಬ ಅಡ್ಡಹೆಸರು ಅಂಟಿಕೊಂಡುಬಿಟ್ಟಿತು.

ಉಳಿದ ಹತ್ತು ಮಂದಿಯೇನು ಬರೀ ಕೇಳಿ ನಂಬಿದವರೇ? ಸಮಾಧಿ ಬರಿದಾಗಿದೆ ಎಂದು ಹೆಂಗಸರು ಬಂದು ಹೇಳಿದಾಗ ಅವರಿಗೆ ಅದು ಹರಟೆಯೆನಿಸಿತೆಂದು, ಯೇಸುವಿನ ಬದುಕನ್ನು ಹೇಳುವ ತನ್ನ ಸುವಾರ್ತೆಯಲ್ಲಿ ಲೂಕ ಬರೆಯುತ್ತಾನೆ. ಅವರು ನಂಬಿದ್ದೂ ಕಣ್ಣಾರೆ ಕಂಡ ಮೇಲೆಯೇ. ಬಾಗಿಲು ಹಾಕಿದ ಮನೆಯೊಳಗೆ ಯೇಸು ಅವರಿಗೆ ಕಾಣಿಸಿಕೊಂಡ ಸಂಜೆ ತೋಮ ಅಲ್ಲಿರಲಿಲ್ಲ, ಅಷ್ಟೇ.

ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಆಮೇಲಿನ ಎಂಟು ದಿನ. ಮತ್ತೆ ಬಾಗಿಲು ಹಾಕಿದ ಮನೆ. ಈ ಸಲ ತೋಮನೂ ಒಳಗಿದ್ದಾನೆ. ನಂಬಿದವರು ನಂಬದವನನ್ನು ಹೊರಗಟ್ಟಿಲ್ಲ. ಇವರೆಲ್ಲ ಮರುಳರೆಂದು ಅವನೂ ಎದ್ದು ಹೋಗಿಲ್ಲ. ಊಟಕ್ಕೆ ಕೂತಾಗ ಏನೇನು ಮಾತಾಡಿಕೊಂಡರೋ!

ಇಟಲಿಯ ಕಾರವಾಜೊ 1600ರ ಸುಮಾರಿಗೆ ಬರೆದ ಚಿತ್ರದಲ್ಲಿ ಯೇಸುವೇ ತೋಮನ ಮಣಿಕಟ್ಟು ಹಿಡಿದು ಬೆರಳನ್ನು ಗಾಯದೊಳಕ್ಕೆ ನಡೆಸುತ್ತಾನೆ. ತೋಮನ ಹಣೆಯ ತುಂಬ ನೆರಿಗೆ, ಅಂಗಿಯ ಭುಜದ ಹೊಲಿಗೆ ಬಿಚ್ಚಿದೆ. ಹಿಂದೆ ಇನ್ನಿಬ್ಬರು ಶಿಷ್ಯರು ಅಷ್ಟೇ ಆತುರದಿಂದ ಬಗ್ಗಿ ಇಣುಕುತ್ತಿದ್ದಾರೆ. ನಂಬಿದವರಿಗೂ ಇನ್ನೊಮ್ಮೆ ನೋಡುವ ಆಸೆ! ಆದರೆ ಸುವಾರ್ತೆಯಲ್ಲಿ ತೋಮ ಮುಟ್ಟಿದನೆಂಬ ಮಾತೇ ಇಲ್ಲ. ಯೇಸು ಬೆರಳು ಚಾಚು ಎಂದದ್ದುಂಟು; ತೋಮ ಕೊಟ್ಟದ್ದು ಅವನನ್ನು ಒಡೆಯನೆಂದೂ ದೇವರೆಂದೂ ಕರೆದ ಮಾತು. ನಮ್ಮ 'ಪ್ರಮಾಣ'ಕ್ಕೆ ಪುರಾವೆ ಎಂಬ ಅರ್ಥವೂ ಉಂಟು, ಆಣೆ ಎಂಬ ಅರ್ಥವೂ ಉಂಟು. ಮೊದಲನೆಯದನ್ನು ಕೇಳಿಕೊಂಡು ಬಂದವನು ಎರಡನೆಯದನ್ನು ಮಾಡಿಬಿಟ್ಟ.

ಕಾಣದೆಯೂ ನಂಬುವವರನ್ನು ಯೇಸು ಆಗ ಹೊಗಳುತ್ತಾನೆ. ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಈ ಮಾತನ್ನೇ ಎತ್ತಿಕೊಳ್ಳುವ ಬೋಧಕರಿದ್ದಾರೆ. ಆದರೆ ಅದರ ಬೆನ್ನಿಗೇ ಯೋಹಾನ, ಓದಿದವರು ನಂಬಲೆಂದೇ ಇದನ್ನೆಲ್ಲ ಬರೆದಿಟ್ಟೆ ಎನ್ನುತ್ತಾನೆ. ಕಾಣಲಾರದವರ ಮುಂದೆ ಅವನು ಇಡುತ್ತಿರುವುದು ಸಾಕ್ಷಿಯನ್ನು. ತೂಗಿ ನೋಡಬಾರದು ಎಂದಿದ್ದರೆ ಸಾಕ್ಷಿ ಯಾಕೆ ಬೇಕಿತ್ತು? 590ರಲ್ಲಿ ಪೋಪ್ ಆದ ಗ್ರೆಗರಿಯಂತೂ ತನ್ನ ಪ್ರವಚನವೊಂದರಲ್ಲಿ, ಉಳಿದವರ ನಂಬಿಕೆಗಿಂತ ತೋಮನ ಅಪನಂಬಿಕೆಯೇ ನಮಗೆ ಹೆಚ್ಚು ನೆರವಾಯಿತು ಎಂದಿದ್ದ.

ಈ ತೋಮ ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದಿಳಿದನೆಂಬುದು ಅಲ್ಲಿನ ನಸ್ರಾಣಿ ಕ್ರೈಸ್ತರ ಪರಂಪರೆಯ ಮಾತು. ಚೆನ್ನೈನ ಮೈಲಾಪುರದ ಸಾಂತೋಮ್ ಚರ್ಚಿನಲ್ಲಿ ಅವನ ಸಮಾಧಿಯನ್ನೂ ತೋರಿಸುತ್ತಾರೆ. ಇತಿಹಾಸಕಾರರು ಕೆಲವರು, ದಾಖಲೆ ಎಲ್ಲಿ ಎನ್ನುತ್ತಾರೆ. ತೋಮ ಇದ್ದಿದ್ದರೆ ಅವರ ಪಕ್ಕದಲ್ಲೇ ಕೂರುತ್ತಿದ್ದನೇನೋ.