ಒಂದೇ ಕೋರ್ಟು, ಒಂದೇ ಫೈಲು

‘ಇಂಥೋರನ್ನ ನೇಣಿಗೆ ಹಾಕ್ಬೇಕು ಕಣ್ರೀ, ಕೋರ್ಟು ಗೀರ್ಟು ಅಂತ ವರ್ಷಗಟ್ಟಲೆ ಎಳೆಯೋದ್ಯಾಕೆ?’ ಟಿವಿಯಲ್ಲಿ ಘೋರ ಸುದ್ದಿ ಬಂದ ದಿನ ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ಬರದೆ ಕಾಫಿ ಮುಗಿಯುವುದಿಲ್ಲ. ಆ ಸಿಟ್ಟನ್ನು ನಾನು ಹೀಗಳೆಯಲ್ಲ. ಅದು ಬರದಿದ್ದರೇ ನಮ್ಮಲ್ಲೇನೋ ಐಬಿದೆ ಅಂತರ್ಥ. ನನ್ನ ತಕರಾರಿರುವುದು ಆ ಸಿಟ್ಟನ್ನು ಯಾರ ಕೈಗೆ ಕೊಡುತ್ತಿದ್ದೇವೆ ಅನ್ನೋದರ ಬಗ್ಗೆ.

ಮಹಾರಾಷ್ಟ್ರದ ಒಂದು ಕೇಸು ನೋಡಿ. 2003ರ ಜೂನ್‌ನಲ್ಲಿ ತೋಟದ ಗುಡಿಸಲೊಂದಕ್ಕೆ ದರೋಡೆಕೋರರು ನುಗ್ಗಿದರು. ಐವರನ್ನು ಕೊಂದರು, ಅತ್ಯಾಚಾರವನ್ನೂ ಮಾಡಿದರು. ಪೊಲೀಸರು ಹಿಡಿದದ್ದು ಅಲೆಮಾರಿ ಸಮುದಾಯದ ಆರು ಜನರನ್ನು. ಸೆಷನ್ಸ್ ಕೋರ್ಟು ಆರೂ ಜನಕ್ಕೆ ಗಲ್ಲು ಅಂದಿತು. ಬಾಂಬೆ ಹೈಕೋರ್ಟು ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟು ಆ ಮೂವರಿಗೂ ಮತ್ತೆ ಗಲ್ಲು ಕೊಟ್ಟಿತು. ಆರರಲ್ಲೊಬ್ಬ ಘಟನೆಯ ಹೊತ್ತಿಗೆ ಅಪ್ರಾಪ್ತನಾಗಿದ್ದ ಅನ್ನೋದು ತೀರ್ಮಾನವಾದದ್ದೇ ಆಮೇಲೆ.

2019ರ ಮಾರ್ಚಿನಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ಬದುಕುಳಿದ ತಾಯಿ ಪೊಲೀಸರ ಫೋಟೋ ಆಲ್ಬಂನಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಆ ನಾಲ್ವರ ತನಿಖೆಯೇ ಆಗಿರಲಿಲ್ಲ!

‘ಕೊನೆಗೆ ಸರಿ ಹೋಯ್ತಲ್ಲ, ವ್ಯವಸ್ಥೆ ಕೆಲಸ ಮಾಡ್ತು’ ಅನ್ನಬಹುದು ನೀವು. ಸರಿ ಹೋದದ್ದು ಹಗ್ಗ ನಿಧಾನವಾಗಿದ್ದರಿಂದ. ಕ್ಯಾಂಟೀನಿನಲ್ಲಿ ಬೈಯುತ್ತೀವಲ್ಲ, ಆ ವಿಳಂಬವೇ ಅವರ ಜೀವ ಉಳಿಸಿತು. ರೋಲ್‌ಬ್ಯಾಕ್ ಇಲ್ಲದೆ ಒಂದು ಸಣ್ಣ ಸಾಫ್ಟ್‌ವೇರ್ ಬದಲಾವಣೆಗೂ ಒಪ್ಪದ ನಾವು, ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಬಟನ್ ಒತ್ತಿಬಿಡಿ ಅನ್ನುತ್ತೇವೆ.

ಹಾಗಾದ್ರೆ ಕಸಬ್? ಇದು ನಿಜವಾಗಲೂ ಕಷ್ಟದ ಪ್ರಶ್ನೆ. ಕ್ಯಾಮೆರಾದಲ್ಲಿ ಬಂದೂಕಿನ ಸಮೇತ ಸಿಕ್ಕವನು ಅವನು. 2012ರಲ್ಲಿ ಅವನನ್ನು ಗಲ್ಲಿಗೇರಿಸಿದಾಗ ಅವನೇ ಹೌದೋ ಅಲ್ಲವೋ ಅಂತ ಯಾರೂ ಕೇಳಲಿಲ್ಲ. ಆದರೆ ಕಾನೂನನ್ನು ಒಬ್ಬ ಕಸಬ್‌ಗಾಗಿ ಮಾತ್ರ ಬರೆಯೋಕಾಗಲ್ಲ. 2009ರಲ್ಲಿ ಆ ಆರು ಜನರ ಬಗ್ಗೆಯೂ ನ್ಯಾಯಾಧೀಶರಿಗೆ ಅನುಮಾನ ಇರಲಿಲ್ಲ. ಖಚಿತ ಅನ್ನಿಸುವುದಕ್ಕೂ ಖಚಿತ ಆಗಿರುವುದಕ್ಕೂ ಇರುವ ವ್ಯತ್ಯಾಸ ಫೈಲಿನೊಳಗೆ ಕಾಣುವುದಿಲ್ಲ. ಸೇಡು ತೀರಿಸಿಕೊಳ್ಳುವ ಹಕ್ಕನ್ನು ನಮ್ಮಿಂದ ಕಿತ್ತುಕೊಂಡು ತಾನಿಟ್ಟುಕೊಂಡಿರುವ ಸರ್ಕಾರಕ್ಕೆ, ವಾಪಸ್ ತೆಗೆದುಕೊಳ್ಳಬಹುದಾದ ಶಿಕ್ಷೆ ಕೊಡುವಷ್ಟು ಅಧಿಕಾರವೇ ಸಾಕು ಅನ್ನೋದು ನನ್ನ ವಾದ. ಜೈಲಿನ ವರ್ಷಗಳೂ ವಾಪಸ್ ಬರಲ್ಲ, ನಿಜ. ಆದರೆ ಬಾಗಿಲು ತೆರೆದಾಗ ಹೊರಗೆ ಬರೋಕೆ ಒಬ್ಬ ಮನುಷ್ಯನಾದರೂ ಉಳಿದಿರ್ತಾನೆ.

ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಕೋರ್ಟು ಹೇಳಿತು. 16 ವರ್ಷಕ್ಕೆ ಹಂಚಿ ನೋಡಿದೆ, ದಿನಕ್ಕೆ 85 ರೂಪಾಯಿ ಚಿಲ್ಲರೆ. ತಪ್ಪು ಮಾಡಿದ ಪೊಲೀಸ್ ಅಧಿಕಾರಿಗಳನ್ನು ಗುರುತಿಸಿ ಕ್ರಮ ಕೈಗೊಳ್ಳಿ ಎಂದೂ ಹೇಳಿತು.

ಇಷ್ಟರ ನಡುವೆ ಆ ತಾಯಿ. ಅವಳ ಮನೆಯವರನ್ನು ಕೊಂದದ್ದು ಯಾರು ಅನ್ನೋದಕ್ಕೆ ಆ ತೀರ್ಪಿನ ದಿನವೂ ಉತ್ತರ ಇರಲಿಲ್ಲ.